ಎಡೆಯ ಮುಂದಿನ ಅರ್ಧ ಲೋಟ

ನನ್ನ ಮೈದುನ ಮಂಜುನಾಥನ ಊಟದಲ್ಲಿ, ಅವನಿಗೆ ತಿಳಿಯದಂತೆ, ಕುಡಿತ ಬಿಡಿಸುವ ಪುಡಿ ಬೆರೆಸಿದವಳು ನಾನು. ಆ ಪುಡಿ ಅವನ ಮೈಯಲ್ಲಿದೆ ಎಂದು ಗೊತ್ತಿದ್ದೂ ಹಿರಿಯರ ಹಬ್ಬದ ದಿನ ಅವನ ಕೈಗೆ ಬ್ರಾಂದಿಯ ಲೋಟ ಕೊಟ್ಟವಳೂ ನಾನೇ. ಅವನು ಆಸ್ಪತ್ರೆಯ ಮಂಚದ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಡಾಕ್ಟರು ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿದವಳೂ ನಾನೇ. ಇವುಗಳಲ್ಲಿ ಯಾವುದು ದೊಡ್ಡ ತಪ್ಪು ಎಂದು ಬಹಳ ಕಾಲ ನನ್ನೊಳಗೇ ತೂಗಿ ನೋಡಿದ್ದೇನೆ. ಯಾವುದೂ ಅಲ್ಲ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ — ಬಾಯಿಂದ ಬಂದ ಒಂದು ಮಾತು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ನೆನಪಿರುವಷ್ಟನ್ನೇ ಬರೆಯುತ್ತೇನೆ, ನನಗೆ ಅನುಕೂಲವಾಗುವಂತೆ ಏನನ್ನೂ ಸೇರಿಸುವುದಿಲ್ಲ.

ನಮ್ಮದು ಉತ್ತರಹಳ್ಳಿ. ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ರಸ್ತೆಗಳಿವೆ, ಮನೆಗಳಿವೆ. ಅವುಗಳಲ್ಲಿ ನಮ್ಮದೂ ಒಂದು, ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು. ನಾನು ಸೊಸೆಯಾಗಿ ಬಂದಾಗ ಮಂಜು ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನ ತಲೆ ಬಾಚಿ ಕಳಿಸಿದವಳು ನಾನು. ದೊಡ್ಡವನಾಗಿ ನೀರಿನ ಟ್ಯಾಂಕರ್ ಓಡಿಸಿದ, ಗೀತಾಳನ್ನು ಮದುವೆಯಾದ, ಅನುಷಾ ಹುಟ್ಟಿದಳು. ನಡುವೆ ಎಲ್ಲೋ ಕುಡಿತ ಶುರುವಾಯಿತು. ಮೊದಮೊದಲು ಮೈಕೈ ನೋವಿಗೆ, ಆಮೇಲೆ ಗೆಳೆಯರ ಜೊತೆಗೆ, ಆಮೇಲೆ ಯಾವ ಕಾರಣವೂ ಬೇಕಾಗಲಿಲ್ಲ. ಗೀತಾ ಮಗುವನ್ನು ಕರೆದುಕೊಂಡು ತಲಘಟ್ಟಪುರದ ತವರಿಗೆ ಹೋದಳು.

ಆ ವರ್ಷ ಗೌರಿ ಹಬ್ಬದ ಮಾರನೆಯ ದಿನ ಮಂಜು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ಬಿಟ್ಟೆ" ಎಂದ.

"ಏನ್ನ?"

"ಅದನ್ನೇ. ಇನ್ನು ಮುಟ್ಟಲ್ಲ."

"ಹೋದ ಸಲಾನೂ ಹಿಂಗೇ ಅಂದಿದ್ದೆ. ಅದಕ್ಕೆ ಹಿಂದ್ಲ ಸಲಾನೂ."

"ಈ ಸಲ ನಾನ್ ಯಾರ್ಗೂ ಆಣೆ ಮಾಡಿಲ್ಲ ಅತ್ತಿಗೆ. ಅದಕ್ಕೇ ಹೇಳ್ತಿದೀನಿ."

ಆ ಮಾತಿನಲ್ಲಿ ಏನೋ ಇತ್ತು. ನಾನು ಕೇಳಿಸಿಕೊಂಡೆ, ಆದರೆ ಸೊಪ್ಪು ಬಿಡಿಸುತ್ತಲೇ ಇದ್ದೆ. ಕುಡಿಯುವವನ ಮಾತನ್ನು ಎಷ್ಟು ಸಲ ನಂಬುವುದು — ಆಗ ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ.

ಕೆಲವು ದಿನಗಳ ನಂತರ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಒಂದು ಗೋಡೆಯ ಮೇಲೆ ಅಂಟಿಸಿದ್ದ ಕಾಗದ ಕಂಡಿತು: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ ಎಂದು ಅದರಲ್ಲಿತ್ತು. ಒಂದು ಸಂದಿಯೊಳಗೆ ಆ ಮನುಷ್ಯನ ಕೋಣೆ. ಬಿಳಿಯ ಪುಡಿಯ ಪೊಟ್ಟಣಗಳನ್ನು ಕೊಟ್ಟ. "ದಿನಾ ಬೆಳಿಗ್ಗೆ ಸಾರಲ್ಲಿ ಕಲಸಿ ಅಮ್ಮ. ರುಚಿ ಇಲ್ಲ, ವಾಸ್ನೆ ಇಲ್ಲ. ಕುಡಿದ ದಿನ ವಾಂತಿ ಆಗುತ್ತೆ, ಆಮೇಲೆ ಅದರ ಮುಖಾನೂ ನೋಡಲ್ಲ. ಅವ್ರಿಗೆ ಮಾತ್ರ ಹೇಳ್ಬೇಡಿ. ಹೇಳಿದ್ರೆ ಕೆಲಸ ಮಾಡಲ್ಲ."

ಹೇಳಿದರೆ ಕೆಲಸ ಮಾಡುವುದಿಲ್ಲ. ಎಂಥ ಔಷಧಿ ಅದು, ತಿಂದವನಿಗೆ ತಿಳಿದರೆ ಕೆಲಸ ಮಾಡದ್ದು? ಅವತ್ತು ಈ ಪ್ರಶ್ನೆ ನನಗೆ ಹುಟ್ಟಲಿಲ್ಲ. ಮಾರನೆಯ ದಿನದಿಂದಲೇ ಅವನ ಮುದ್ದೆಯ ಪಕ್ಕದ ಸಾರಿಗೆ ಪುಡಿ ಬೆರೆಸತೊಡಗಿದೆ. ಯಜಮಾನರಿಗೂ ಹೇಳಲಿಲ್ಲ. ಮಂಜು ಉಂಡು, ಬಟ್ಟಲನ್ನು ಬೆರಳಲ್ಲಿ ಬಳಿದು, "ಇವತ್ತು ಸಖತ್ತಾಗಿದೆ ಅತ್ತಿಗೆ" ಎಂದು ಟ್ಯಾಂಕರ್ ಹತ್ತಿ ಹೋಗುತ್ತಿದ್ದ. ಅವನ ಬಟ್ಟಲು ತೊಳೆಯುವಾಗ ನನಗೆ ಸಮಾಧಾನ ಆಗುತ್ತಿತ್ತು. ಹೌದು, ಸಮಾಧಾನ. ಬೇರೆ ಪದ ಬರೆದರೆ ಸುಳ್ಳಾಗುತ್ತದೆ.

ದಿನಗಳು ಹೋದವು. ಅವನಿಗೆ ವಾಂತಿಯಾಗಲಿಲ್ಲ. ಏನೂ ಆಗಲಿಲ್ಲ. ಇದಕ್ಕೆ ಕಾರಣ ಎರಡೇ ಇರಬಹುದಿತ್ತು: ಒಂದೋ ಪುಡಿ ಮೋಸದ್ದು, ಇಲ್ಲವೇ ಮಂಜು ನಿಜವಾಗಿಯೂ ಕುಡಿಯುತ್ತಿರಲಿಲ್ಲ. ಎರಡನೆಯದು ನನಗೆ ಹೊಳೆಯಲೇ ಇಲ್ಲ — ಇಲ್ಲ, ಅದು ಪೂರ್ತಿ ನಿಜವಲ್ಲ. ಹೊಳೆದಿತ್ತು. ಒಪ್ಪಿಕೊಳ್ಳಲು ಆಗಲಿಲ್ಲ. ಅವನು ತಾನಾಗಿ ಬಿಟ್ಟಿದ್ದರೆ ನಾನು ಗುಟ್ಟಾಗಿ ಮಾಡಿದ್ದಕ್ಕೆಲ್ಲ ಏನು ಅರ್ಥ…

ಆಗ ಹಿರಿಯರ ಹಬ್ಬ ಬಂತು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೋಗಳ ಮುಂದೆ ಹೊಸ ಬಟ್ಟೆ, ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದು ಎಲೆಯ ಪಕ್ಕದಲ್ಲಿ ಇರಲೇಬೇಕು. ಅತ್ತೆಗೆ ವೀಳ್ಯದೆಲೆಯೊಂದಿಗೆ ಕಡ್ಡಿಪುಡಿ ಹೊಗೆಸೊಪ್ಪು. ಮಾವನಿಗೆ ಬ್ರಾಂದಿ. ಧೂಪ ಹಾಕಿ, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತೆರೆಯುತ್ತೇವೆ. ಆಮೇಲೆ ಅದೆಲ್ಲ ಪ್ರಸಾದ. ಕಡ್ಡಿಪುಡಿ ನನ್ನ ಪಾಲಿಗೆ ಬರುತ್ತಿತ್ತು. ಊಟವಿಲ್ಲದಿದ್ದರೂ ಅದಿಲ್ಲದೆ ನಾನು ಇರುತ್ತಿರಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಚಟ ಎಂದು ಕರೆದವರಲ್ಲ. ಬ್ರಾಂದಿ ಗಂಡಸರ ಪಾಲಿಗೆ. ಎಡೆಯದ್ದನ್ನು ಬೇಡ ಎನ್ನುವುದು ಹಿರಿಯರನ್ನೇ ಬೇಡ ಎಂದಂತೆ.

ಆ ದಿನ ಗೀತಾ ಬಂದಿದ್ದಳು, ಅನುಷಾಳನ್ನೂ ಬಟ್ಟೆಯ ಬ್ಯಾಗನ್ನೂ ತಂದಿದ್ದಳು. ಬೆಳಿಗ್ಗೆ ಕಜ್ಜಾಯ ತಟ್ಟುತ್ತ ನನ್ನ ಬಳಿ ಹೇಳಿದಳು: "ಅಕ್ಕ, ಇವತ್ತು ಒಂದ್ ದಿನ ಇವ್ರು ಮುಟ್ಟದೆ ಇದ್ರೆ ನಾನ್ ಇಲ್ಲೇ ಉಳ್ಕೊತೀನಿ. ಹಬ್ಬದ ದಿನ ತಡ್ಕೊಂಡವ್ರು ಯಾವತ್ತಾದ್ರೂ ತಡ್ಕೊತಾರೆ."

ಅವಳು ಹಾಗೆಂದದ್ದು ನನಗೆ ಗೊತ್ತಿತ್ತು. ಇದನ್ನು ದಯವಿಟ್ಟು ಗಮನಿಸಿ. ಗೊತ್ತಿತ್ತು.

ಬಾಗಿಲು ತೆರೆದ ಮೇಲೆ ಒಬ್ಬೊಬ್ಬರಾಗಿ ನಮಸ್ಕಾರ ಮಾಡಿ ಹೋದರು. ಯಜಮಾನರು ನೆಂಟರ ಜೊತೆ ಅಂಗಳದ ಶಾಮಿಯಾನದಲ್ಲಿದ್ದರು, ಗೀತಾ ಹಿತ್ತಲಿನಲ್ಲಿ ಬಾಳೆಲೆ ತೊಳೆಯುತ್ತಿದ್ದಳು. ಮಂಜು ಕಡೆಯಲ್ಲಿ ಬಂದ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟಿದ್ದ. ತಂದೆಯ ಫೋಟೋಗೆ ಅಡ್ಡಬಿದ್ದು ಎದ್ದ. ಕೋಣೆಯಲ್ಲಿ ನಾವಿಬ್ಬರೇ. ನಾನು ಎಡೆಯ ಮುಂದಿದ್ದ ಬ್ರಾಂದಿಯನ್ನು ಲೋಟಕ್ಕೆ ಬಗ್ಗಿಸಿದೆ. ಅರ್ಧ ಲೋಟ. ಅವನತ್ತ ಚಾಚಿದೆ.

ಅವನು ತಲೆಯಲ್ಲಾಡಿಸಿದ.

"ಅಪ್ಪನ ಎಡೇದು ಮಂಜು. ಬೇಡ ಅನ್ಬಾರ್ದು."

"ಗೀತಾ ಬಂದವ್ಳೆ ಅತ್ತಿಗೆ."

"ಪ್ರಸಾದಕ್ಕೂ ಕುಡಿತಕ್ಕೂ ವ್ಯತ್ಯಾಸ ಗೊತ್ತಿಲ್ವಾ ಅವ್ಳಿಗೆ? ತಗೋ."

ಯಾಕೆ ಹಾಗೆ ಮಾಡಿದೆ? ಪುಡಿ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಿತ್ತು. ಎಲ್ಲರ ಮುಂದೆ ಒಮ್ಮೆ ವಾಂತಿಯಾಗಿ ಅವನಿಗೆ ಅಸಹ್ಯ ಹುಟ್ಟಲಿ, ಆಮೇಲೆ ನಾನು ಗುಟ್ಟು ಹೇಳಿ, ಅವನ ಕುಡಿತ ಬಿಡಿಸಿದವಳು ನಾನು ಅನ್ನಿಸಿಕೊಳ್ಳಬೇಕು — ಇದೂ ಇತ್ತು. ಇದು ವಿವರಣೆ, ಸಮರ್ಥನೆಯಲ್ಲ.

ಅವನು ಫೋಟೋವನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ ಕುಡಿದ. ಔಷಧಿ ಕುಡಿದ ಹಾಗೆ. ಲೋಟವನ್ನು ನನ್ನ ಕೈಗೇ ಕೊಟ್ಟು ಹೊರಗೆ ಹೋದ.

ಎಲೆ ಹಾಕುವುದರೊಳಗೆ ಅವನ ಕುತ್ತಿಗೆ, ಮುಖ, ಕಣ್ಣು ಎಲ್ಲ ಕೆಂಪಾದವು. ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಳಿತ. ವಾಂತಿ ಒಮ್ಮೆಯಲ್ಲ, ನಿಲ್ಲದೆ. ಮೈಯೆಲ್ಲ ಬೆವರು, ಕೈ ಮಾತ್ರ ತಣ್ಣಗೆ. ಉಸಿರು ಸಿಗುತ್ತಿರಲಿಲ್ಲ. ಅನುಷಾ "ಅಪ್ಪಾ" ಎಂದು ಕಿರುಚಿದ್ದು ಈಗಲೂ… ಮಹಡಿಯ ಬಾಡಿಗೆಯವರ ಕಾರಿನಲ್ಲಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸಾಗಿಸಿದೆವು.

ಡಾಕ್ಟರು ಚಿಕ್ಕ ವಯಸ್ಸಿನವರು. ನಾಡಿ ನೋಡುತ್ತಲೇ ತಲೆಯೆತ್ತಿ ಕೇಳಿದರು: "ಇವ್ರಿಗೆ ಕುಡಿತ ಬಿಡೋ ಮಾತ್ರೆ ಏನಾದ್ರೂ ಕೊಡ್ತಿದ್ರಾ? ಊಟದಲ್ಲಿ ಯಾರಾದ್ರೂ ಬೆರೆಸಿದ್ರಾ? ನಿಜ ಹೇಳಿ, ಟ್ರೀಟ್‌ಮೆಂಟಿಗೆ ಬೇಕು."

ಅಡುಗೆ ಮಾಡುವವಳು ನಾನು. ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲ ಸಾರ್. ಬರೀ ಮನೆ ಊಟ."

ಅವರು ಒಂದು ಕ್ಷಣ ನನ್ನನ್ನು ನೋಡಿ ಮತ್ತೆ ಮಂಜುವಿನತ್ತ ತಿರುಗಿದರು. ನನ್ನ ಸುಳ್ಳನ್ನು ಪಕ್ಕಕ್ಕಿಟ್ಟೇ ಅವನನ್ನು ಉಳಿಸಿದರು. ಅವನು ಬದುಕಿದ್ದು ನನ್ನಿಂದಲ್ಲ.

ಸಂಜೆ ಅವನಿಗೆ ಮಾತು ಬಂತು. ಮೊದಲು ಹೇಳಿದ್ದು ಗೀತಾಳಿಗೆ: "ಒಂದೇ ಒಂದ್ ಸಲ ಕಣೆ. ಎಡೇದು. ಅರ್ಧ ಲೋಟ. ಅತ್ತಿಗೆ ಕೊಟ್ರು, ಕೇಳು ಬೇಕಾದ್ರೆ."

ಗೀತಾ ನನ್ನ ಕಡೆ ತಿರುಗಿದಳು. ಅರ್ಧ ಲೋಟಕ್ಕೆ ಒಬ್ಬ ಮನುಷ್ಯ ಹೀಗೆ ಸಾಯುವಂತಾಗುತ್ತಾನೆಯೇ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು. ನಾನು ಹೌದು, ಅಷ್ಟೇ ಎಂದಿದ್ದರೆ ಮುಂದಿನ ಪ್ರಶ್ನೆ ಪುಡಿಗೇ ಬಂದು ಮುಟ್ಟುತ್ತಿತ್ತು. ಆಗ ನನ್ನ ಬಾಯಿಂದ ಬಂತು ಆ ಮಾತು:

"ನಾನ್ ಕೊಟ್ಟಿದ್ದು ಅರ್ಧ ಲೋಟಾನೇ ಕಣಮ್ಮ. ಬೆಳಿಗ್ಗೆಯಿಂದ ಇನ್ನೇನ್ ಕುಡ್ಕೊಂಡ್ ಬಂದಿದ್ನೋ, ನಂಗೇನ್ ಗೊತ್ತು."

ಇದೇ ಆ ದೊಡ್ಡ ತಪ್ಪು. ವಿಷದಿಂದ ಎದ್ದು ಬಂದವನ ಕೈಯಲ್ಲಿ ಉಳಿದಿದ್ದುದು ಒಂದೇ, ಅವನ ನಿಜ. ಅದನ್ನೂ ಕಿತ್ತುಕೊಂಡೆ.

"ಬೆಳಿಗ್ಗೆ ನಾನು…" ಎಂದು ಮಂಜು ಶುರು ಮಾಡಿದ. ಎಲ್ಲರ ಮುಖ ನೋಡಿದ. ನಂಬಿದ ಮುಖ ಒಂದೂ ಅಲ್ಲಿರಲಿಲ್ಲ.

ಗೀತಾ ಬಟ್ಟೆಯ ಬ್ಯಾಗನ್ನು ಬಿಚ್ಚದೆಯೇ ತಲಘಟ್ಟಪುರಕ್ಕೆ ವಾಪಸಾದಳು. ನಾನು ಉಳಿದ ಪೊಟ್ಟಣಗಳನ್ನು ಬಚ್ಚಲಿಗೆ ಸುರಿದೆ. ಮಂಜು ಆಸ್ಪತ್ರೆಯಿಂದ ಬಂದು ಕೆಲವು ದಿನ ಸುಮ್ಮನಿದ್ದ. ಆಮೇಲೆ ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಕುಡ್ದೆ ಕುಡ್ದೆ ಅಂತ ಎಲ್ರೂ ಅಂದ್ರಲ್ಲ. ಸರಿ, ಕುಡೀತೀನಿ" ಎಂದು ಬಾರಿನತ್ತ ಹೋದ. ಅಲ್ಲಿಂದ ಮುಂದಿನ ವರ್ಷಗಳನ್ನು ಬರೆಯಲು ನನ್ನಿಂದ ಆಗದು. ಟ್ಯಾಂಕರ್ ಹೋಯಿತು. ಹಲ್ಲು ಮುರಿದುಕೊಂಡ. ತಂದೆ ಬರುತ್ತಾನೆಂದು ಅನುಷಾ ಶಾಲೆಯ ಗೇಟಿನಲ್ಲಿ ಕಾಯುವುದನ್ನು ಬಿಟ್ಟಳು.

ನಂತರದ್ದು ಅವನ ಗೆಲುವು. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಒಂದು ಬೆಳಿಗ್ಗೆ ತಾನೇ ಎದ್ದು, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು, ಕನಕಪುರ ರಸ್ತೆಯ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಸೇರಿದ. ಯಾರೂ ಎಳೆದೊಯ್ಯಲಿಲ್ಲ. ಬಂದ ಮೇಲೆ ಮುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಜಯನಗರದ ಒಂದು ಶಾಲೆಯ ಸಭಾಂಗಣದಲ್ಲಿ ಚಟ ಬಿಟ್ಟವರು ಸೇರುತ್ತಾರೆ. ಅಲ್ಲಿಗೆ ಮಳೆಯಿರಲಿ ಬಿಸಿಲಿರಲಿ ಹೋದ. ವರ್ಷ ತುಂಬಿದ ಮೇಲೆ ಗೀತಾ ಅನುಷಾಳೊಂದಿಗೆ ಮನೆಗೆ ಬಂದಳು.

ಆದರೆ ಒಂದು ವಿಚಿತ್ರ ಅವನಲ್ಲಿ ಉಳಿದುಬಿಟ್ಟಿತ್ತು. ಯಾವುದನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. "ಅಪ್ಪ, ಕಾಲೇಜಿಗೆ ಬರ್ತೀಯಾ?" ಎಂದರೆ "ಬರ್ತೀನಿ ಅನ್ಸುತ್ತೆ." ಗೇಟಿಗೆ ಬೀಗ ಹಾಕಿ ಬಂದು, ಹಾಕಿದೆನಾ ಎಂದು ಮಗಳನ್ನು ಕೇಳಿ ಮತ್ತೆ ಹೋಗಿ ಜಗ್ಗಿ ನೋಡುತ್ತಿದ್ದ. ಗಾಡಿ ಓಡಿಸುವುದಿಲ್ಲ ಎಂದ. ಕುಡಿದು ಕುಡಿದು ತಲೆ ಹಾಳಾಗಿದೆ ಎಂದುಕೊಂಡೆವು. ನಾನೂ ಹಾಗೆಯೇ ಅಂದುಕೊಂಡೆ — ಅಂದುಕೊಂಡಂತೆ ನಟಿಸಿದೆ.

ಹೋದ ವರ್ಷ ಒಂದು ಭಾನುವಾರ ಮನೆಯವರೂ ಬರಬಹುದು ಎಂದಿದ್ದರು. ಗೀತಾ ಮತ್ತು ನಾನು ಹೋದೆವು. ಫೋನಿನಲ್ಲಿ ರಮ್ಮಿ ಆಡಿ ಕೆಲಸ ಕಳೆದುಕೊಂಡ ಹುಡುಗನೊಬ್ಬ ಮಾತಾಡಿದ. ನಿದ್ದೆ ಮಾತ್ರೆಯಿಲ್ಲದೆ ಮಲಗಲಾರದೆ ಇದ್ದ ಹೆಂಗಸೊಬ್ಬರು ಮಾತಾಡಿದರು. ಗುಟ್ಕಾದಿಂದ ಬಾಯಿ ತೆರೆಯಲಾಗದವರೊಬ್ಬರು ಬರೆದು ತೋರಿಸಿದರು. ಸೊಂಟದ ಚೀಲದಲ್ಲಿ ಕಡ್ಡಿಪುಡಿ ಇಟ್ಟುಕೊಂಡು ನಾನು ಇವರಿಗೆಲ್ಲ ಮರುಗುತ್ತ ಕುಳಿತಿದ್ದೆ. ಆಮೇಲೆ ಮಂಜು ಎದ್ದ.

"ನಾನು ಸುಳ್ಳುಗಾರ" ಎಂದು ಶುರುಮಾಡಿದ. "ಹಬ್ಬದ ದಿನ ಬೆಳಿಗ್ಗೆ ಕುಡ್ದು, ಕುಡ್ದಿಲ್ಲ ಅಂತ ಹೆಂಡ್ತಿ ಮುಂದೆ ವಾದ ಮಾಡ್ದೋನು. ನಿಜ ಹೇಳ್ಬೇಕಂದ್ರೆ ನಂಗೆ ಅವತ್ತು ಬೆಳಿಗ್ಗೆ ಕುಡ್ದಿದ್ದು ನೆನಪೇ ಇಲ್ಲ. ಆದ್ರೆ ಕುಡ್ದಿರ್ಲೇಬೇಕು. ಇಲ್ದಿದ್ರೆ ಹಂಗ್ ಆಗಲ್ಲ. ಅದಕ್ಕೇ ನಾನು ನನ್ನ ನೆನಪನ್ನ ನಂಬೋದ್ ಬಿಟ್ಟಿದೀನಿ. ಬೇರೆಯವ್ರನ್ನ ಕೇಳಿ ಬದುಕ್ತೀನಿ."

ಜನ ಚಪ್ಪಾಳೆ ತಟ್ಟಿದರು. ಅವನು ಮಾಡದ ತಪ್ಪನ್ನು ಒಪ್ಪಿಕೊಂಡದ್ದಕ್ಕೆ.

ಕೊನೆಯಲ್ಲಿ, ಗೀತಾ ಮಂಜುವಿನ ಜೊತೆ ಹೊರಗೆ ಕಾಫಿ ಹಂಚಲು ಹೋಗಿದ್ದಾಗ, ಡಾಕ್ಟರೊಬ್ಬರು ಮನೆಯವರಿಗೆ ತಿಳಿವಳಿಕೆ ಹೇಳಿದರು. ಕೆಲವರು ಮಾತ್ರೆ ಅರೆದು, ಪುಡಿ ಮಾಡಿ, ಗುಟ್ಟಾಗಿ ಹಾಕಿ ಎಂದು ಮಾರುತ್ತಾರೆ. ದಯವಿಟ್ಟು ಹಾಕಬೇಡಿ, ಜೀವ ಹೋಗಬಹುದು. ಆ ಔಷಧಿಯನ್ನು ರೋಗಿಗೆ ತಿಳಿಸಿ, ಡಾಕ್ಟರೇ ನೋಡಿಕೊಂಡು ಕೊಡಬೇಕು. ಮೈಯಲ್ಲಿ ಅದಿರುವಾಗ ಮದ್ಯ ಸ್ವಲ್ಪ ಸೇರಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ… ಒಂದೊಂದನ್ನೂ ನಾನು ಅಂಗಳದಲ್ಲಿ ಕಂಡಿದ್ದೆ. "ಮದ್ಯ ಮುಟ್ಟದಿದ್ದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ" ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಒಂಟಿಯಾಗಿ ಹಿಡಿದು ಕೇಳಿದೆ. ಹೀಗೆ ಹೀಗೆ ಆಗಿತ್ತು, ಆ ಅರ್ಧ ಲೋಟಕ್ಕೆ ಮೊದಲು ಎಷ್ಟೋ ದಿನ ಪುಡಿ ಹೋಗುತ್ತಿತ್ತು, ಏನೂ ಆಗಿರಲಿಲ್ಲ ಎಂದೆ. ಯಾರು ಹಾಕಿದ್ದು ಎಂದು ಅವರು ಕೇಳಲಿಲ್ಲ. "ಹಾಗಾದ್ರೆ ಅವ್ರು ಅಷ್ಟು ದಿನ ಕುಡಿದಿರೋದು ಕಷ್ಟ ಅಮ್ಮ. ಕುಡಿದಿದ್ರೆ ಮೊದಲೇ ಬೀಳ್ತಿದ್ರು" ಎಂದರು.

ನಾನು ಹಾಕಿದ ಪುಡಿಯೇ ಅವನ ಪರವಾದ ಸಾಕ್ಷಿ. ಆ ಸಾಕ್ಷಿಯನ್ನು ಇಷ್ಟು ವರ್ಷ ಬಚ್ಚಿಟ್ಟವಳು ನಾನು.

ಅಲ್ಲಿಂದ ನಾವು ಮೂವರೂ ದರ್ಶಿನಿಯೊಂದಕ್ಕೆ ಹೋದೆವು. ನಿಂತು ತಿನ್ನುವ ಮೇಜು. ಮಂಜು ದೋಸೆ ತಂದಿಟ್ಟ. ಇನ್ನೊಂದು ಗಳಿಗೆ ತಡೆದರೆ ಮತ್ತೆ ಹೇಳಲಾರೆ ಎನ್ನಿಸಿತು. ಹೇಳಿದೆ — ಪುಡಿ, ಲೋಟ, ಡಾಕ್ಟರಿಗೆ ಹೇಳಿದ ಸುಳ್ಳು, ಗೀತಾಳಿಗೆ ಹೇಳಿದ ಆ ಮಾತು. ಮೇಜಿನ ಮೇಲೆ ಕಣ್ಣಿಟ್ಟೇ ಹೇಳಿದೆ. ಅವನು ಮತ್ತೆ ಕುಡಿಯತೊಡಗಿದರೆ, ಮತ್ತೆ ಮನೆ ಒಡೆದರೆ ಎಂಬ ಭಯ ಇತ್ತು. ಅದೇ ಭಯದ ಹೆಸರು ಹೇಳಿಕೊಂಡು ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ತಾನೇ ನಾನು.

ಮಂಜು ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ವಾಪಸಿಟ್ಟ.

"ಅತ್ತಿಗೆ, ಬೆಳಿಗ್ಗೆ ನಾನು ಕುಡ್ದಿರ್ಲಿಲ್ಲ?"

"ಇಲ್ಲ."

"ಅದಕ್ಕೆ ಹಿಂದಿನ ದಿನ?"

"ಇಲ್ಲ ಮಂಜು. ಪುಡಿ ಹಾಕೋಕೆ ಶುರು ಮಾಡಿದಾಗ್ಲಿಂದ ಒಂದ್ ತೊಟ್ಟೂ ಇಲ್ಲ. ನೀನು ಬಿಟ್ಟೆ ಅಂದಿದ್ದು ನಿಜಾನೇ."

ಅವನ ಮುಖ ಮೊದಲು ಅಳುವವನಂತೆ ಕುಗ್ಗಿತು. ಆಮೇಲೆ — ನಾನು ಬೈಗುಳಕ್ಕೆ, ಏಟಿಗೆ ಸಿದ್ಧಳಾಗಿದ್ದೆ, ಇದಕ್ಕಲ್ಲ — ಅವನು ಮೇಜನ್ನು ಗುದ್ದಿದ. ಚಟ್ನಿಯ ಬಟ್ಟಲು ಹಾರಿ ಬಿತ್ತು.

"ಗೀತಾ! ನಾನ್ ಸುಳ್ ಹೇಳಿರ್ಲಿಲ್ಲ ಕಣೇ! ನಂಗ್ ಸರಿಯಾಗೇ ನೆನಪಿತ್ತು ಕಣೇ!"

ಇಡೀ ದರ್ಶಿನಿ ತಿರುಗಿ ನೋಡಿತು. ಪಕ್ಕದ ಮೇಜಿನಲ್ಲಿದ್ದವನೊಬ್ಬ, "ಏನ್ ಅಣ್ಣ, ಸೈಟ್ ಗೀಟ್ ಸಿಕ್ತಾ?" ಎಂದ.

"ಸೈಟ್ ಅಲ್ಲ ಗುರು, ತಲೆ ವಾಪಸ್ ಸಿಕ್ತು! ಹಾಳಾಗೈತೆ ಅಂದಿದ್ರು, ಚೆನ್ನಾಗೇ ಐತೆ!" ಎಂದು ಮಂಜು ಕಣ್ಣು ಒರೆಸಿಕೊಳ್ಳುತ್ತ ನಕ್ಕ. ಆ ಅಪರಿಚಿತನ ಬೆನ್ನು ತಟ್ಟಿದ. ಅವನಿಗೂ ಒಂದು ಕಾಫಿ ಹೇಳಿದ. ಅಷ್ಟು ಎತ್ತರಕ್ಕೆ ನಿಂತ ಮಂಜುವನ್ನು ನಾನು ಎಷ್ಟು ಕಾಲದಿಂದ ನೋಡಿರಲಿಲ್ಲ!

ಗೀತಾ ನಗಲಿಲ್ಲ. "ಅಕ್ಕ, ಅವತ್ತು ನಾನು ಉಳ್ಕೊಳಕ್ಕೇ ಬಂದಿದ್ದೆ. ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ಅನುಷಾ ಎಷ್ಟ್ ವರ್ಷ ಅಪ್ಪ ಇಲ್ದೆ ಬೆಳದ್ಳು…" ಕೈ ತೊಳೆಯಲು ಹೋದಳು, ತಿರುಗಿ ಬರಲು ಬಹಳ ಹೊತ್ತಾಯಿತು.

ಅವಳು ಇಂದಿಗೂ ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ. ಅಡುಗೆ ಈಗ ಅವಳದು. ಸರಿಯಾದದ್ದೇ. ಯಜಮಾನರು ಕೆಲವು ದಿನ ನನ್ನ ಮುಖ ನೋಡಲಿಲ್ಲ, ಅದೂ ಸರಿಯೇ. ಕ್ಷಮಿಸಿದೆ ಎಂದು ಮಂಜು ಹೇಳಿಲ್ಲ, ನಾನೂ ಕೇಳಿಲ್ಲ. ಕೇಳುವುದೆಂದರೆ ಮತ್ತೆ ಅವನಿಂದಲೇ ಏನನ್ನೋ ಕಿತ್ತುಕೊಂಡಂತೆ. ಆದರೆ ಅವನು ಮತ್ತೆ ಲೈಸೆನ್ಸ್ ಮಾಡಿಸಿಕೊಂಡ. ಈಗ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾನೆ. ತಾಯಂದಿರು ಮಕ್ಕಳನ್ನು ಅವನ ಕೈಗೆ ಕೊಡುತ್ತಾರೆ. ಮಗಳು ಕರೆದರೆ "ಬರ್ತೀನಿ" ಎನ್ನುತ್ತಾನೆ. ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ.

ಮುಂದಿನ ಸಲ ಮನೆಯವರನ್ನು ಕರೆದ ಭಾನುವಾರ ಅವನು ಎದ್ದು ನಿಂತು, "ಇಷ್ಟು ದಿನ ಇಲ್ಲಿ ಒಂದು ತಪ್ಪು ಹೇಳ್ತಿದ್ದೆ, ಸರಿ ಮಾಡ್ಬೇಕು" ಎಂದ. ಹಬ್ಬದ ಕಥೆಯನ್ನು ಹೇಳಿದ. ಮನೆಯವರೊಬ್ಬರು ಪುಡಿ ಹಾಕಿದ್ದರು ಎಂದ, ನನ್ನ ಹೆಸರು ಹೇಳಲಿಲ್ಲ. "ನನ್ನ ಪಾಡಿಗೆ ನಾನು ಬಿಟ್ಟಿದ್ದೆ. ಒಂದ್ಸಲ ಅಲ್ಲ, ಎರಡ್ ಸಲ ಬಿಟ್ಟೋನು ನಾನು!" ಎಂದು ಎದೆಗೆ ಕೈ ಬಡಿದಾಗ ಇಡೀ ಸಭಾಂಗಣ ಚಪ್ಪಾಳೆಯಿಂದ ಗುಡುಗಿತು. ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದ್ದು ಗೀತಾ.

ಸದ್ದು ಅಡಗಿದ ಮೇಲೆ ನಾನು ಎದ್ದು ನಿಂತೆ. "ಪುಡಿ ಹಾಕಿದ್ದು ನಾನು. ಅವನ ಅತ್ತಿಗೆ" ಎಂದೆ. ಕುಳಿತುಕೊಂಡೆ.

ಹೊರಗೆ ಮೆಟ್ಟಿಲಿನ ಹತ್ತಿರ ಒಬ್ಬ ಹೆಂಗಸು ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ, ಒಂದು ಆಫೀಸಿನಲ್ಲಿ ಕೆಲಸ. ಅತ್ತಿತ್ತ ನೋಡಿ ಮೆಲ್ಲಗೆ, "ಅಕ್ಕಾರ, ನಾನೂ ಹಾಕಾಕತ್ತೀನ್ರಿ ನಮ್ಮ ಮನ್ಯಾರಿಗೆ. ಇವತ್ತೂ ಮುಂಜಾನಿ ಹಾಕೇನಿ" ಎಂದಳು.

"ಗೊತ್ತಾ ಅವ್ರಿಗೆ?"

"ಇಲ್ರಿ. ಹೇಳಿದ್ರ ನನ್ನ ಬಿಡ್ತಾರೇನ್ರಿ? ಸಂಜಿಕ ಗೆಳ್ಯಾರ ಜೋಡಿ ಹೊರಗ ಹೋಗಾವ್ರ ಅದಾರ."

ಡಾಕ್ಟರು ಇನ್ನೂ ಒಳಗಿದ್ದರು. ಮೊದಲು ಅವರ ಬಳಿ ಕರೆದುಕೊಂಡು ಹೋದೆ. ಅವರು ಏನು ಮಾಡಬೇಕೆಂದು ಹೇಳಿದರು, ಗಂಡನಿಗೆ ಈಗಲೇ ತಿಳಿಸಬೇಕೆಂದರು. ಅವಳು ಅಳತೊಡಗಿದಳು.

"ಫೋನ್ ಮಾಡಿ, ಮನೇಲೇ ಇರಿ ಅಂತ ಹೇಳಮ್ಮ" ಎಂದೆ. "ನಾನೂ ಬರ್ತೀನಿ. ಬೈದ್ರೆ ಇಬ್ರಿಗೂ ಬೈಲಿ."

ಮಂಜು ವ್ಯಾನಿನ ಬಾಗಿಲು ತೆಗೆದ. ನಾವು ಬಿಟಿಎಂ ಕಡೆಗೆ ಹೊರಟೆವು.